ಪಕ್ಕದ ಬೆಂಚಿನ ಮೌನ

ಶಾಲಾ ವರ್ಷದ ಆರಂಭದಲ್ಲಿ ನಮ್ಮ ಕಥೋಲಿಕ ಶಾಲೆಗಳ ವಿದ್ಯಾರ್ಥಿ ನಾಯಕರು ಪ್ರಮಾಣವಚನ ಸ್ವೀಕರಿಸುವುದು ವಾಡಿಕೆ. ಎದೆಯ ಮೇಲಿನ ಬ್ಯಾಡ್ಜಿನ ಅರ್ಥವನ್ನು ನಾವು ಅವರಿಗೆ ತಿಳಿಸಿದ್ದೇವೆಯೇ?

1832ರ ಸುಮಾರಿಗೆ ಇಟಲಿಯ ಕಿಯೇರಿಯಲ್ಲಿ ಓದುತ್ತಿದ್ದ ಬಡ ವಿದ್ಯಾರ್ಥಿ ಜಾನ್ ಬೋಸ್ಕೊ, ಸಹಪಾಠಿಗಳನ್ನು ಕೂಡಿಸಿ ‘ಆನಂದ ಸಂಘ’ ಕಟ್ಟಿದರು. ಕ್ರೈಸ್ತನಿಗೆ ಸಲ್ಲದ ನಡೆನುಡಿ ಬೇಡ; ಓದಿನ ಹಾಗೂ ಧರ್ಮದ ಕರ್ತವ್ಯಗಳಲ್ಲಿ ಲೋಪ ಬೇಡ. ನಿಯಮಗಳು ಇವೆರಡೇ. ಮುಂದೆ ಸಂತರಾದ ಅವರ ನಾಯಕತ್ವ ಗೆಳೆತನದಿಂದ ಮೊದಲಾಯಿತು.

ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳಿಗೂ ಇದು ಮಾದರಿಯಾಗಲಿ. ಮುಂಜಾನೆಯ ಬಸ್ಸು ಹಿಡಿಯಲು ಉಣ್ಣದೆ ಬಂದವನಾರು, ಅಂಕ ಕಡಿಮೆಯಾಗಿ ಮಾತು ಬಿಟ್ಟವಳಾರು ಎಂಬುದು ಶಿಕ್ಷಕರಿಗಿಂತ ಮೊದಲು ಪಕ್ಕದ ಬೆಂಚಿಗೆ ತಿಳಿಯುತ್ತದೆ. ಅದನ್ನು ಕಂಡು, ನಂಬಿಕೆಯ ಹಿರಿಯರಿಗೆ ತಿಳಿಸುವವರೇ ನಿಜವಾದ ನಾಯಕರು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಮನೆಯಲ್ಲಿ ನಾವೂ ಅಂಕ ವಿಚಾರಿಸುವ ಮುನ್ನ, “ಹೇಗಿದ್ದೀಯ ಮಗು?” ಎಂದು ಕೇಳೋಣ.