ಸರ್ವೆ ನಂಬರಿನಲ್ಲಿದೆ ಸುಳಿವು

ವಿಲ್ಕೀ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮುತ್ತಿಗೆಯ ಗದ್ದಲದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ವಜ್ರವೊಂದನ್ನು ಕದ್ದೊಯ್ಯುತ್ತಾನೆ. ಮುಂದೆ ಯಾರ್ಕ್‌ಷೈರಿನ ದೊಡ್ಡ ಮನೆಯೊಂದರಲ್ಲಿ ಅದು ಮತ್ತೆ ಕಳುವಾಗುತ್ತದೆ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗೆ ಅಡಿಪಾಯ ಹಾಕಿದ ಕೃತಿಗಳಲ್ಲಿ ಇದೂ ಒಂದು. ಊರ ಹೊರಗೊಂದು ಶ್ರೀಮಂತರ ಮನೆ, ಒಳಗೆ ಒಬ್ಬರಿಗೊಬ್ಬರು ಗೊತ್ತಿರುವ ಜನ, ಅವರಲ್ಲೇ ಒಬ್ಬ ಕಳ್ಳ ಎಂಬ ಜಾಡು ಮೂಡಿದ್ದು ಇಲ್ಲಿಂದ.

ಅರವತ್ತು ವರ್ಷ ಕಳೆದ ಮೇಲೆ ಅಗಾಥಾ ಕ್ರಿಸ್ಟಿ ಕಥೆಯನ್ನು ಇಡೀ ಊರಿಗೆ ಹರಡಿದರು. 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ನಲ್ಲಿ ಕೊಲೆ ನಡೆಯುವುದು ಸೇಂಟ್ ಮೇರಿ ಮೀಡ್ ಎಂಬ ಪುಟ್ಟ ಊರಿನ ಪಾದ್ರಿಯ ಮನೆಯಲ್ಲಿ, ಪತ್ತೆ ಹಚ್ಚುವವರು ನೆರೆಮನೆಯ ಮಿಸ್ ಮಾರ್ಪಲ್. ಮದುವೆಯಾಗದೆ ಉಳಿದ, ವಯಸ್ಸಾದ ಹೆಂಗಸು. ಯಾರು ಎಷ್ಟು ಹೊತ್ತಿಗೆ ಯಾರ ಮನೆಗೆ ಹೋದರು, ಯಾರಿಗೆ ಯಾರ ಮೇಲೆ ಹೊಟ್ಟೆಯುರಿ ಎಂಬ ಊರಿನ ತಿಳಿವಳಿಕೆಯೇ ಅವರ ಬಂಡವಾಳ. ರಕ್ತ ಕಡಿಮೆ, ಮಾತು ಹೆಚ್ಚು.

ಆ ಊರು ಇದ್ದಂತೆಯೇ ಉಳಿಯಲಿಲ್ಲ. 1962ರ ‘ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ ತೆರೆದರೆ ಸೇಂಟ್ ಮೇರಿ ಮೀಡ್‌ನ ಅಂಚಿನಲ್ಲಿ, ಜನ ‘ಡೆವಲಪ್‌ಮೆಂಟ್’ ಎಂದೇ ಕರೆಯುವ ಬಡಾವಣೆ ಎದ್ದು ನಿಂತಿದೆ. ಸೂಪರ್ ಮಾರ್ಕೆಟ್ ಬಂದಿದೆ. ಹಳೆಯ ಗಾಸಿಂಗ್ಟನ್ ಹಾಲ್ ಸಿನಿಮಾ ನಟಿಯ ಪಾಲಾಗಿದೆ. ಅಲ್ಲಿ ವಿಷದಿಂದ ಸಾಯುವವಳು ಬಡಾವಣೆಯ ಹೆಂಗಸು. ಇದಕ್ಕೂ ಮೊದಲೇ, 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ನಲ್ಲಿ, ಯುದ್ಧದ ನಂತರ ಹಳ್ಳಿಗಳಿಗೆ ಬಂದು ನೆಲೆಸಿದವರು ಯಾರೆಂದು ಅವರ ಮಾತಿನಿಂದ ಮಾತ್ರ ತಿಳಿಯಬೇಕಾದ ಸ್ಥಿತಿಯನ್ನು ಕ್ರಿಸ್ಟಿ ಕಥೆಯ ಗಂಟಾಗಿಸಿದ್ದರು. ಇಂಗ್ಲೆಂಡಿನ ಈ ಹಳ್ಳಿ-ಕೊಲೆ ಕಥೆಗಳ ನಿಜವಾದ ವಸ್ತು ಕೊಲೆಯಲ್ಲ, ನೆಲ ಕೈ ಬದಲಾಗುವುದು; ನೆರೆಯವರ ಪರಿಚಯ ತಪ್ಪುವುದು.

ಬ್ರಿಟನ್ನಿನಲ್ಲಿ ಆ ಬದಲಾವಣೆಗೆ ಚೌಕಟ್ಟು ಹಾಕಿದ್ದು 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದೇ ಹೆಸರಿನ ನಮ್ಮ ರಾಜ್ಯದ ಕಾಯ್ದೆ 1961ರದ್ದು. ಮಿಸ್ ಮಾರ್ಪಲ್ ತಮ್ಮೂರಿನ ಹೊಸ ಬಡಾವಣೆ ನೋಡಲು ಹೊರಟ ಹೊತ್ತಿಗೆ ದಾವಣಗೆರೆಯ ಬಡಾವಣೆಗಳಿಗೂ ಕಾನೂನು ತಯಾರಾಗುತ್ತಿತ್ತು.

ಆಗ ದಾವಣಗೆರೆ ಹತ್ತಿಯ ಊರು, ‘ಕರ್ನಾಟಕದ ಮ್ಯಾಂಚೆಸ್ಟರ್’. ಮಿಲ್ಲುಗಳು ಒಂದೊಂದಾಗಿ ನಿಂತವು. ಅಷ್ಟರಲ್ಲಿ 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಊರಿಗೆ ಬೇರೊಂದು ದಿಕ್ಕು ತೋರಿಸಿದ್ದವು. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. 2007ರಲ್ಲಿ ಮಹಾನಗರ ಪಾಲಿಕೆ, 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಜಾಗ. ಶಾಮನೂರು, ನಿಟುವಳ್ಳಿ ಎಂಬ ಹಳ್ಳಿಗಳು ಈಗ ನಗರದೊಳಗಿನ ವಿಳಾಸಗಳು. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆ ಬಡಾವಣೆಯ ನಕ್ಷೆಯಾಗುವುದನ್ನು ಈ ಭಾಗದ ಒಂದು ತಲೆಮಾರು ಕಣ್ಣಾರೆ ಕಂಡಿದೆ.

ಲೆಕ್ಕ ಸರಳ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ 1,089 ಚದರ ಅಡಿ. 30×40ರ ಸೈಟು 1,200 ಚದರ ಅಡಿ. ರಸ್ತೆ, ಪಾರ್ಕಿಗೆ ಬಿಟ್ಟ ಜಾಗ ಕಳೆದರೂ, ಎಕರೆ ಲೆಕ್ಕದಲ್ಲಿ ಮಾರಿದವನಿಗೂ ಚದರ ಅಡಿ ಲೆಕ್ಕದಲ್ಲಿ ಮಾರಿದವನಿಗೂ ನಡುವೆ ಉಳಿಯುವ ಅಂತರ ದೊಡ್ಡದು. ಆ ಅಂತರದಲ್ಲೇ ಊರಿನ ರಾಜಕೀಯ ಕೂತಿರುತ್ತದೆ. ಬಡಾವಣೆಗೆ ಒಪ್ಪಿಗೆ ಕೊಡುವುದು ಜನ ‘ದೂಡಾ’ ಎನ್ನುವ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ. ಜೆ.ಕೆ. ರೌಲಿಂಗ್ 2012ರ ‘ದಿ ಕ್ಯಾಶುಯಲ್ ವೇಕನ್ಸಿ’ ಕಾದಂಬರಿಯನ್ನು ಪುಟ್ಟ ಊರಿನ ಕೌನ್ಸಿಲ್‌ನ ಒಂದೇ ಒಂದು ಖಾಲಿ ಸೀಟು, ಬಡವರ ಒಂದು ಬಡಾವಣೆ ಯಾವ ಊರಿಗೆ ಸೇರಬೇಕೆಂಬ ಜಗಳದ ಮೇಲೆ ಕಟ್ಟಿದರು. ಅಂಥ ವಸ್ತುವಿಗೆ ಇಲ್ಲಿ ಬರವಿಲ್ಲ.

ಹರಿಹರದ ಕಥೆಗೆ ಹೊಳೆಯೂ ಜೊತೆಯಾಗುತ್ತದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ತುಂಬ ಹೋದವು. ಹೊಸ ಶತಮಾನದ ಹೊಸ್ತಿಲಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ದುಡಿದ ಮನೆಗಳ ನೋವು ಇನ್ನೂ ಹಸಿಯಾಗಿದೆ. ತುಂಗಭದ್ರೆಯ ಆಚೆ ದಡ ಹಾವೇರಿ ಜಿಲ್ಲೆಯದು. 1956ರವರೆಗೆ ಇದೇ ಹೊಳೆ ಮೈಸೂರು ರಾಜ್ಯಕ್ಕೂ ಮುಂಬಯಿಗೂ ಗಡಿ. ನಡುನೀರಿನಲ್ಲಿ ಹೆಣ ತೇಲಿದರೆ ಕೇಸು ಯಾವ ಠಾಣೆಗೆ? ಪತ್ತೇದಾರಿ ಬರೆಯುವವರಿಗೆ ಮೊದಲ ಅಧ್ಯಾಯ ಇಲ್ಲೇ ಸಿಗುತ್ತದೆ.

ಕನ್ನಡದಲ್ಲಿ ಪತ್ತೇದಾರಿಗೆ ಓದುಗರೇನೂ ಕಡಿಮೆಯಿರಲಿಲ್ಲ. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯರ ಬೆನ್ನು ಹತ್ತಿ ಓದು ಕಲಿತವರು ನಾಡಿನ ತುಂಬ ಇದ್ದಾರೆ. ಆ ಋಣವನ್ನು ಕನ್ನಡ ಸಾಹಿತ್ಯ ಚರಿತ್ರೆ ಇನ್ನೂ ಸರಿಯಾಗಿ ತೀರಿಸಿಲ್ಲ. ಆದರೆ ಆ ಪರಂಪರೆಯ ನಾಯಕ ಪತ್ತೇದಾರಿಕೆಯನ್ನೇ ಕಸುಬು ಮಾಡಿಕೊಂಡವನು. ಊರಲ್ಲೇ ಹುಟ್ಟಿ ಬೆಳೆದು, ಎಲ್ಲರ ಮನೆಯ ಒಳಹೊರಗು ಬಲ್ಲ ಸಾಮಾನ್ಯನೊಬ್ಬ ಗಂಟು ಬಿಡಿಸುವ ಕಥೆ ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಡಲಿಲ್ಲ.

ಅಂಥವರು ದಾವಣಗೆರೆಯಲ್ಲಿ ಇಲ್ಲವೆಂದಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಸುತ್ತ ಕೂರುವ ಹಳೆಯ ಪತ್ರ ಬರಹಗಾರರಿಗೆ ಪಹಣಿ ಕೈಗೆ ಕೊಟ್ಟರೆ ಸಾಕು. 9ನೇ ಕಾಲಂನಲ್ಲಿ ಯಾರ ಹೆಸರು, 11ರಲ್ಲಿ ಯಾವ ಸಾಲ, 12ರಲ್ಲಿ ಉಳುವವನು ಯಾರು ಎಂದು ಕಣ್ಣಾಡಿಸಿದರೆ ಆ ಮನೆಯ ಮೂರು ತಲೆಮಾರಿನ ಜಗಳ ಅವರಿಗೆ ಹೊಳೆಯುತ್ತದೆ. ‘ಎ ಮರ್ಡರ್ ಈಸ್ ಅನೌನ್ಸ್ಡ್’ ಶುರುವಾಗುವುದೇ ಸ್ಥಳೀಯ ಪತ್ರಿಕೆಯ ಸಣ್ಣ ಜಾಹೀರಾತಿನಿಂದ. ದಾವಣಗೆರೆಯ ಪತ್ರಿಕೆಗಳಲ್ಲಿ ವಕೀಲರು ಕೊಡುವ ಸಾರ್ವಜನಿಕ ಪ್ರಕಟಣೆಯನ್ನು ಅದೇ ಗಮನದಿಂದ ಓದಬಹುದು: ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ತಕರಾರಿದ್ದವರು ಇಂತಿಷ್ಟು ದಿನದೊಳಗೆ ತಿಳಿಸತಕ್ಕದ್ದು.

ತಕರಾರು ಬಹುಪಾಲು ಬರುವುದು ತಂಗಿಯಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ತಂದೆ ಆ ಹೊತ್ತಿಗೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಆದ ಕ್ರಯಕ್ಕೆ, ವಿಭಾಗಕ್ಕೆ ಧಕ್ಕೆಯಿಲ್ಲ. ಹಾಗಾಗಿ ಕ್ರಿಸ್ಟಿಯ ಕಥೆಯಲ್ಲಿ ಕೊಲೆಯಾದ ಗಳಿಗೆಗೆ ಇರುವ ಬೆಲೆ ಇಲ್ಲಿ ಪತ್ರದ ತಾರೀಖಿಗೆ ಇದೆ. ಬಡಾವಣೆಗೆ ಹೊರಟ ಜಮೀನಿನ ವಂಶವೃಕ್ಷದಲ್ಲಿ ಅಣ್ಣತಮ್ಮಂದಿರು ಮೂವರ ಹೆಸರಿದ್ದು, ರಾಣೇಬೆನ್ನೂರಿಗೆ ಕೊಟ್ಟ ತಂಗಿಯ ಹೆಸರು ಇಲ್ಲವೆಂದಿಟ್ಟುಕೊಳ್ಳಿ. ಪತ್ರ ಬರಹಗಾರರು ಕನ್ನಡಕ ಸರಿಮಾಡಿಕೊಂಡು ಮೊದಲು ಕೇಳುವ ಪ್ರಶ್ನೆ, ‘ನಿಮ್ ತಂಗಿ ಎಲ್ಲಿ?’