ನಿಮಗಿದು ಗೊತ್ತೇ? – ಯುದ್ಧಕ್ಕೆ ಎಳೆದೊಯ್ದ ಮಕ್ಕಳು

ಬಾಲಸೈನಿಕರೆಲ್ಲರ ಕೈಯಲ್ಲೂ ಬಂದೂಕು ಇರುವುದಿಲ್ಲ. ಸಶಸ್ತ್ರ ಪಡೆಗೆ ಅಡುಗೆ ಮಾಡುವ, ಹೊರೆ ಹೊರುವ, ಸುದ್ದಿ ಮುಟ್ಟಿಸುವ, ಬೇಹುಗಾರಿಕೆಗೆ ಬಳಕೆಯಾಗುವ, ಲೈಂಗಿಕ ಶೋಷಣೆಗೆ ಗುರಿಯಾಗುವ 18ರೊಳಗಿನ ಮಕ್ಕಳನ್ನೂ 2007ರ ಪ್ಯಾರಿಸ್ ತತ್ವಗಳೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದೇ ಲೆಕ್ಕಕ್ಕೆ ಸೇರಿಸುತ್ತವೆ. ಸಿಯೆರಾ ಲಿಯೋನ್‌ನಲ್ಲಿ ಯುದ್ಧ ಮುಗಿದಾಗ ‘ಆಯುಧ ಒಪ್ಪಿಸಿ, ಪುನರ್ವಸತಿ ಪಡೆಯಿರಿ’ ಎಂದಿದ್ದರಿಂದ, ಒಪ್ಪಿಸಲು ಆಯುಧವೇ ಇಲ್ಲದ ಎಷ್ಟೋ ಹುಡುಗಿಯರು ಹೊರಗುಳಿದರು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 18ರೊಳಗಿನವರನ್ನು ಮಕ್ಕಳೆಂದಿತು. ಯುದ್ಧದ ಮಾತು ಬಂದಾಗ ಮಾತ್ರ ಮಿತಿಯನ್ನು 15ಕ್ಕೆ ಇಳಿಸಿತು! ಇದನ್ನು ತಿದ್ದಿದ ಐಚ್ಛಿಕ ಪೂರಕ ಒಪ್ಪಂದ ಜಾರಿಗೆ ಬಂದದ್ದು 2002ರ ಫೆಬ್ರವರಿ 12ರಂದು. ಬಾಲಸೈನಿಕರ ಬಳಕೆಯನ್ನು ವಿರೋಧಿಸುವ ಕೆಂಪು ಅಂಗೈ ದಿನ ಎಂದು ಆಚರಿಸುವುದು ಆ ದಿನವನ್ನೇ. ಆದರೂ ಸರ್ಕಾರಿ ಸೇನೆಗಳು 16 ದಾಟಿದವರನ್ನು ಸ್ವಇಚ್ಛೆಯ ಮೇಲೆ ಸೇರಿಸಿಕೊಳ್ಳಲು ಈಗಲೂ ಅವಕಾಶವಿದೆ. ಬ್ರಿಟನ್ ಸೇರಿಸಿಕೊಳ್ಳುತ್ತಿದೆ.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊಟ್ಟಮೊದಲ ತೀರ್ಪು ಯಾವ ಅಪರಾಧಕ್ಕೆ? ಮಕ್ಕಳನ್ನು ಕಾದಾಟಕ್ಕೆ ಬಳಸಿದ್ದಕ್ಕೆ. ಕಾಂಗೋದ ಸಶಸ್ತ್ರ ಗುಂಪಿನ ನಾಯಕ ಥಾಮಸ್ ಲುಬಾಂಗಾಗೆ 2012ರಲ್ಲಿ 14 ವರ್ಷ ಸೆರೆವಾಸವಾಯಿತು.

ಉತ್ತರ ಉಗಾಂಡದಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ರಾತ್ರಿ ಹೊತ್ತು ಮನೆಗಳಿಗೆ ನುಗ್ಗಿ ಮಕ್ಕಳನ್ನು ಹೊತ್ತೊಯ್ಯುತ್ತಿತ್ತು. ಅದಕ್ಕೆ ಹೆದರಿ ಸಾವಿರಾರು ಮಕ್ಕಳು ದಿನವೂ ಸಂಜೆ ಗುಲು ಪಟ್ಟಣಕ್ಕೆ ನಡೆದು ಬಂದು, ಆಸ್ಪತ್ರೆಯ ಅಂಗಳದಲ್ಲೋ ಅಂಗಡಿ ಜಗಲಿಯಲ್ಲೋ ಮಲಗಿ, ಬೆಳಗ್ಗೆ ಹಿಂತಿರುಗುತ್ತಿದ್ದರು.

ಶಾಲೆಗೆ ಹೋಗುವ ದಾರಿಯಲ್ಲಿ ಇದೇ ಪಡೆಯ ಪಾಲಾದ ಬಾಲಕ ಡೊಮಿನಿಕ್ ಓಂಗ್ವೆನ್. ಮುಂದೆ ಅದರ ಕಮಾಂಡರ್ ಆದ, ತಾನೇ ಮಕ್ಕಳನ್ನು ಹಿಡಿದು ತಂದ. 2021ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಅವನ ಮೇಲಿನ 61 ಆರೋಪಗಳು ಸಾಬೀತಾದವು. ಬಾಲ್ಯ ಕಳೆದುಕೊಂಡದ್ದನ್ನು ಗಣನೆಗೆ ತೆಗೆದುಕೊಂಡ ನ್ಯಾಯಪೀಠ ಜೀವಾವಧಿಯ ಬದಲು 25 ವರ್ಷ ವಿಧಿಸಿತು. ನನಗೆ ಇದು ನ್ಯಾಯವೆಂದೇ ಅನಿಸುತ್ತದೆ. ಅವನಿಂದ ನರಳಿದವರಿಗೆ ಹಾಗೆ ಅನಿಸಬೇಕಿಲ್ಲ.

ಮಕ್ಕಳನ್ನು ಬಿಟ್ಟುಕೊಡುತ್ತೇವೆಂದು 2003ರಲ್ಲಿ ಒಪ್ಪಿದ ಶ್ರೀಲಂಕಾದ ಬಂಡುಕೋರ ಸಂಘಟನೆ ಎಲ್‌ಟಿಟಿಇ, ಆಮೇಲೂ ಅವರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ನೇಪಾಳದ ಕಥೆಯನ್ನಂತೂ ಮರೆಯಬಾರದು. 2006ರ ಶಾಂತಿ ಒಪ್ಪಂದದ ನಂತರ ಮಾವೋವಾದಿ ಶಿಬಿರಗಳಲ್ಲಿ ವಿಶ್ವಸಂಸ್ಥೆ ಗುರುತಿಸಿದ ಅಪ್ರಾಪ್ತರು 2,973 ಮಂದಿ. ಅವರ ಬಿಡುಗಡೆಯಾದದ್ದು 2010ರಲ್ಲಿ. ಅಷ್ಟರಲ್ಲಿ ಬಹುತೇಕರ ಬಾಲ್ಯ ಶಿಬಿರದಲ್ಲೇ ಮುಗಿದಿತ್ತು. ಮುಂದೆ ನಿವೃತ್ತಿ ಪಡೆದ ವಯಸ್ಕ ಹೋರಾಟಗಾರರಿಗೆ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ದೊರೆಯಿತು. ಈ ಮಕ್ಕಳ ಪಾಲಿಗೆ ಬಂದದ್ದು ಶಿಕ್ಷಣ, ತರಬೇತಿಯ ಅವಕಾಶ ಮತ್ತು ‘ಅನರ್ಹರು’ ಎಂಬ ಹಣೆಪಟ್ಟಿ. ಚಿಕ್ಕವರಾಗಿದ್ದುದನ್ನೇ ಅವರ ಕೊರತೆಯನ್ನಾಗಿ ಮಾಡಿದ್ದು ದೊಡ್ಡ ಅನ್ಯಾಯ.

ಕೊಲಂಬಿಯಾದಲ್ಲಿ 1996ರಿಂದ 2016ರವರೆಗೆ ಫಾರ್ಕ್ ಗೆರಿಲ್ಲಾಗಳು ಸೇರಿಸಿಕೊಂಡ ಮಕ್ಕಳು 18,677 ಎಂದು ಅಲ್ಲಿನ ಶಾಂತಿ ನ್ಯಾಯಮಂಡಳಿ ಲೆಕ್ಕ ಕೊಟ್ಟಿದೆ.

ನಮ್ಮಲ್ಲೂ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಘೋಷಿಸಿದ ಉಗ್ರ ಸಂಘಟನೆ ಮಕ್ಕಳನ್ನು ಯಾವುದೇ ಕೆಲಸಕ್ಕೆ ಬಳಸಿದರೂ 7 ವರ್ಷದವರೆಗೆ ಕಠಿಣ ಸೆರೆವಾಸ, 5 ಲಕ್ಷ ರೂಪಾಯಿ ದಂಡ. ಸಶಸ್ತ್ರ ಸಂಘರ್ಷಕ್ಕೆ ಸಿಲುಕಿ ನರಳಿದ ಮಗುವನ್ನು ಅದೇ ಕಾಯ್ದೆ ‘ಆರೈಕೆ ಮತ್ತು ರಕ್ಷಣೆ ಬೇಕಿರುವ ಮಗು’ ಎಂದು ಕರೆಯುತ್ತದೆ. ಹದಿನಾಲ್ಕರ ಹುಡುಗನನ್ನು ಯಾರಾದರೂ ‘ಉಗ್ರ’ ಎಂದು ಬರೆದರೆ, ದಯವಿಟ್ಟು ಈ ಮಾತನ್ನು ಅವರಿಗೆ ನೆನಪಿಸಿ.