ಬೀಗ ಬದಲಿಸಿದರೂ ಕಳ್ಳ ಒಳಗೇ!

ಕಳೆದ ಮಳೆಗಾಲದ ಒಂದು ಸಂಜೆ. ದಾದರಿನಲ್ಲಿ ಹತ್ತಿದ ಡೊಂಬಿವಲಿ ಗಾಡಿಯಲ್ಲಿ ಒಂಟಿಕಾಲಲ್ಲಿ ನಿಂತಿದ್ದೆ. ಊರಿನಿಂದ ಚಿಕ್ಕಪ್ಪನ ಫೋನು ಬಂತು. "ಎಂತ ಮಾರಾಯ, ಅಣ್ಣನಿಗೆ ಈಗ ಹೇಗುಂಟು? ಆಸ್ಪತ್ರೆಯವರು ಮತ್ತೆ ಹಣ ಕೇಳಿದ್ರಾ?"

ಅಪ್ಪ ಆಗ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು!

ನಡೆದದ್ದಿಷ್ಟು. ಯಾರೋ ನನ್ನ ಈಮೇಲಿನೊಳಗೆ ನುಗ್ಗಿ, ಹಳೆಯ ಕಾಗದಗಳನ್ನೆಲ್ಲ ಓದಿ, ನನ್ನ ಹೆಸರಿನಲ್ಲೇ ಚಿಕ್ಕಪ್ಪನಿಗೆ ಬರೆದಿದ್ದ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಇಬ್ಬರ ಫೋನೂ ಕೆಟ್ಟಿದೆ, ಈ ಖಾತೆಗೆ ಎಂಟು ಸಾವಿರ ಕಳಿಸಿ ಅಂತ. ಚಿಕ್ಕಪ್ಪ ಅಂದು ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದರು. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಅವರಿಗೆ ಯಾವಾಗಲೂ ಕನ್ನಡದಲ್ಲೇ ಬರೆಯುವವನು. ಸಂಶಯ ಬರಬೇಕಾದದ್ದು ಅಲ್ಲೇ. ಆದರೆ ಹುಡುಗ ಕಾಲೇಜು ಸೇರಿ ಇಂಗ್ಲಿಷ್ ಕಲಿತ ಅಂತ ಅವರಿಗೆ ಸಂತೋಷವಾಯಿತಂತೆ!

ಮನೆಗೆ ಬಂದವನೇ ಪಾಸ್‌ವರ್ಡು ಬದಲಿಸಿದೆ. ಕಳ್ಳ ಬರೆದದ್ದನ್ನೆಲ್ಲ ಸಿಟ್ಟಿನಿಂದ ಅಳಿಸಿಹಾಕಿದೆ. ಚಿಕ್ಕಪ್ಪನಿಗೊಂದು ಉದ್ದದ ಕ್ಷಮಾಪಣೆ ಬರೆದು ಮಲಗಿದೆ. ಮೂರನೆಯ ದಿನ ಅತ್ತೆಗೆ ಇನ್ನೊಂದು ಕಾಗದ ಹೋಯಿತು. ವಿಳಾಸ ಹೆಚ್ಚುಕಡಿಮೆ ನನ್ನದೇ, ನಡುವೆ ಒಂದಕ್ಷರ ಮಾತ್ರ ಹೆಚ್ಚು. ನಾನು ಚಿಕ್ಕಪ್ಪನಿಗೆ ಬರೆದಿದ್ದ ಕ್ಷಮಾಪಣೆಯ ಮಾತೂ ಅದರಲ್ಲಿತ್ತು. ಹೊಸ ಬೀಗ ಹಾಕಿದ ಮೇಲೂ ಅವನಿಗೆ ಅದು ಸಿಕ್ಕಿದ್ದು ಹೇಗೆ?

ಗೆಳೆಯರೇ, ಇದನ್ನು ತಿಳಿದುಕೊಳ್ಳಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ನನ್ನದು ಜಿಮೇಲು. ಅದರಲ್ಲಿ, ನಮಗೆ ಬರುವ ಪ್ರತಿಯೊಂದು ಕಾಗದದ ನಕಲು ಇನ್ನೊಂದು ವಿಳಾಸಕ್ಕೆ ತಾನಾಗಿ ಹೋಗುವಂತೆ ಮಾಡುವ ಏರ್ಪಾಡು ಇದೆ. ಅದಕ್ಕೆ ಫಾರ್ವರ್ಡಿಂಗ್ ಅನ್ನುತ್ತಾರೆ. ಇಂಥವರಿಂದ ಬಂದ ಕಾಗದ ನೇರ ಕಸದ ಬುಟ್ಟಿಗೆ ಹೋಗಲಿ ಅಂತ ಅಪ್ಪಣೆ ಕೊಡುವ ಫಿಲ್ಟರ್ ಅನ್ನುವುದೂ ಇದೆ. ಕಳ್ಳ ಎರಡನ್ನೂ ಹೂಡಿದ್ದ. ಆದ್ದರಿಂದಲೇ "ಯಾವ ಆಸ್ಪತ್ರೆ?" ಅಂತ ಚಿಕ್ಕಪ್ಪ ಕೇಳಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಅವನಿಗೆ ತಲುಪಿತು. ನನ್ನ ಕ್ಷಮಾಪಣೆಗೆ ಅವರು ಉತ್ತರಿಸಿದಾಗ ಕೆಳಗೆ ನನ್ನ ಕಾಗದವೂ ಅಂಟಿಕೊಂಡೇ ಇತ್ತು. ಹಾಗೆ ಅದೂ ಹೋಯಿತು. ಪಾಸ್‌ವರ್ಡು ಬದಲಿಸಿದರೆ ಬೇರೆ ಯಂತ್ರಗಳಲ್ಲಿ ತೆರೆದಿಟ್ಟ ಖಾತೆ ಬಹುಮಟ್ಟಿಗೆ ಮುಚ್ಚುತ್ತದೆ ನಿಜ. ಈ ಅಪ್ಪಣೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಮನೆಯ ಬೀಗ ಬದಲಿಸಿ, ಟಪಾಲಿನವನಿಗೆ ಹೇಳಲು ಮರೆತ ಹಾಗೆ.

ಇವನ್ನು ಮೊಬೈಲಿನ ಆಪ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಕಂಪ್ಯೂಟರಿನಲ್ಲೇ ಸೆಟ್ಟಿಂಗ್ಸ್ ತೆರೆಯಬೇಕು. ಸೈಬರ್ ಕೆಫೆ ಬೇಡ, ನಂಬಿಕೆಯ ಯಂತ್ರವಾಗಲಿ. ಅಲ್ಲಿ ನೀವು ಹೇಳದ ಫಾರ್ವರ್ಡಿಂಗ್, ನೀವು ಮಾಡದ ಫಿಲ್ಟರ್ ಇದ್ದರೆ ಮೊದಲು ಅದರ ಚಿತ್ರ ತೆಗೆದುಕೊಂಡು ಆಮೇಲೆ ಕಿತ್ತುಹಾಕಿ. ಕಾಗದಗಳ ಪಟ್ಟಿಯ ತೀರಾ ಕೆಳಗೆ, ಬಲಮೂಲೆಯಲ್ಲಿ 'ಡೀಟೇಲ್ಸ್' ಅಂತ ಸಣ್ಣ ಅಕ್ಷರದಲ್ಲಿದೆ. ಖಾತೆಯನ್ನು ಈಚೆಗೆ ಎಲ್ಲಿಂದ ತೆರೆದಿದ್ದಾರೆ ಅಂತ ಅದು ತೋರಿಸುತ್ತದೆ. ಖಾತೆ ಕಳೆದುಹೋದರೆ ಹಿಂದಕ್ಕೆ ಪಡೆಯಲು ಕೊಟ್ಟಿರುವ ಫೋನ್ ನಂಬರು ನಿಮ್ಮದೇ ಹೌದೋ ಅಂತಲೂ ನೋಡಿ. ಕಳ್ಳ ಅದನ್ನೂ ಬದಲಿಸಿದ್ದರೆ ಎದೆಗುಂದಬೇಡಿ. ಬದಲಾದ ನಂತರ ಏಳು ದಿನದವರೆಗೆ ಹಳೆಯ ನಂಬರಿಗೂ ಸಂಕೇತ ಕಳಿಸುವ ಅವಕಾಶವನ್ನು ಗೂಗಲ್ ಕೊಡಬಹುದು. ಹಾಗಾಗಿ ಪರೀಕ್ಷೆ ಮುಗಿಯಲಿ ಅಂತ ಮುಂದೂಡಬಾರದು. ಇಷ್ಟೆಲ್ಲ ಆದ ಮೇಲೆ ಪಾಸ್‌ವರ್ಡು ಮತ್ತೊಮ್ಮೆ ಬದಲಿಸಿ, ಎರಡು ಹಂತದ ತಪಾಸಣೆ ಹಾಕಿಕೊಳ್ಳಿ.

ಅವನಿಗೆ ನನ್ನ ಪಾಸ್‌ವರ್ಡು ಸಿಕ್ಕಿದ್ದು ಹೇಗೆ ಅನ್ನುತ್ತೀರಾ? ಹಳೆಯ ಪ್ರಶ್ನೆಪತ್ರಿಕೆ ಕೊಡುವ ಒಂದು ಜಾಲತಾಣದಲ್ಲಿ ಅದೇ ಪಾಸ್‌ವರ್ಡು ಕೊಟ್ಟಿದ್ದೆ. ಸೋರಿದ್ದು ಅಲ್ಲಿಂದಲೇ ಇರಬೇಕು. ದೊಡ್ಡವರ ಮನೆಯೂ ಸೋರುತ್ತದೆ. 2013ರಲ್ಲಿ ಯಾಹೂ ಕಂಪೆನಿಯ 300 ಕೋಟಿ ಖಾತೆಗಳ ವಿವರ ಕಳುವಾಗಿತ್ತು. ಅಷ್ಟೂ ಖಾತೆ ಅಂತ ಕಂಪೆನಿ ಒಪ್ಪಿಕೊಂಡದ್ದು 2017ರಲ್ಲಿ!

ಫೋನಿನ ಮೇಲೂ ಒಂದು ಕಣ್ಣಿರಲಿ. 2018ರ ಡಿಸೆಂಬರಿನಲ್ಲಿ ನಮ್ಮ ಮಾಹಿಮಿನ ಬಟ್ಟೆ ವ್ಯಾಪಾರಿಯೊಬ್ಬರಿಗೆ ರಾತ್ರಿ ಆರು ಮಿಸ್ಡ್ ಕಾಲು ಬಂದವು. ಬೆಳಿಗ್ಗೆ ನೋಡಿದರೆ ಸಿಮ್ ಸತ್ತಿತ್ತು. ಅವರ ನಂಬರನ್ನು ಯಾರೋ ಬೇರೆ ಸಿಮ್ಮಿಗೆ ಮಾಡಿಸಿಕೊಂಡಿದ್ದರು. ಬ್ಯಾಂಕಿನಿಂದ ಹೋದದ್ದು 1.86 ಕೋಟಿ ರೂಪಾಯಿ. ಕಾರಣವಿಲ್ಲದೆ ನೆಟ್‌ವರ್ಕ್ ಮಾಯವಾದರೆ, ಲೋಕಲ್ ಗಾಡಿಯಲ್ಲಿ ಇದು ಮಾಮೂಲು ಅಂತ ಸುಮ್ಮನಿರಬೇಡಿ.

ಹಣ ಹೋಗಿದ್ದರೆ ಮೇಲೆ ಹೇಳಿದ ಎಲ್ಲಕ್ಕಿಂತ ಮೊದಲು 1930ಕ್ಕೆ ಫೋನು ಮಾಡಬೇಕು, ಹಣ ಕಳಿಸಿದ ಬ್ಯಾಂಕಿಗೂ ತಿಳಿಸಬೇಕು. ಕಳ್ಳನ ಖಾತೆಯಿಂದ ಹಣ ಮುಂದೆ ಹೋಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆಗ ಮಾತ್ರ. ನಾನು ಕ್ರಮ ತಪ್ಪಿದೆ. ಮಾರನೆಯ ದಿನ ಹೇಳಿದಾಗ ಹಣ ಕೈದಾಟಿ ಹೋಗಿತ್ತು. ಪುರಾವೆ ಕೇಳಿದರೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ, ಎಲ್ಲ ಅಳಿಸಿದ್ದೆನಲ್ಲ! ಚಿಕ್ಕಪ್ಪನ ಹತ್ತಿರ ಉಳಿದಿದ್ದ ಒಂದು ಕಾಗದದಿಂದಲೇ ದೂರು ಬರೆಸಿದ್ದಾಯಿತು. ಇನ್ನೊಬ್ಬರ ಪಾಸ್‌ವರ್ಡು ಬಳಸಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಳ್ಳ ಸಿಕ್ಕಿದರೆ ತಾನೇ!

ಎಂಟು ಸಾವಿರ ಹೋದದ್ದು ಹೋಯಿತು. ಟ್ಯೂಷನ್ ಹೇಳಿಕೊಟ್ಟ ದುಡ್ಡಿನಲ್ಲಿ ಚಿಕ್ಕಪ್ಪನಿಗೆ ತಿಂಗಳಿಗೆ ಐನೂರು ಕಳಿಸುತ್ತಿದ್ದೇನೆ, ಅವರು ಬೇಡವೆಂದು ಬೈಯುತ್ತಾರೆ. ಅತ್ತೆ ಮಾತ್ರ ಅವತ್ತು ಮೋಸ ಹೋಗಲಿಲ್ಲ. ಕಾಗದ ನೋಡಿದವರೇ ಉತ್ತರ ಬರೆದರು, "ನಮ್ಮ ಹಟ್ಟಿಯಲ್ಲಿದ್ದ ಕಪ್ಪು ದನದ ಹೆಸರೇನು ಹೇಳು." ಕಳ್ಳನಿಂದ ಉತ್ತರವಿಲ್ಲ. ಈಗ ನಾನೇ ಫೋನು ಮಾಡಿ ದುಡ್ಡಿನ ಮಾತೆತ್ತಿದರೂ ಅತ್ತೆ ಮೊದಲು ಕೇಳುವುದು ಆ ದನದ ಹೆಸರನ್ನೇ.